ತೋಡದ ಕುಳಿಗೆ ಬಿದ್ದ ಚೆಂಡು

"ನಿಮ್ಮ ಅಂಗಿಗೆ ಕಾಲರಿಲ್ಲ," ಎಂದರು ಕ್ಲಬ್ಬಿನ ಕಾರ್ಯದರ್ಶಿ. "ಕಾಲರಿಲ್ದೆ ಹಾಲ್ ಒಳಗೆ ಬಿಡೋ ಹಾಗಿಲ್ಲ."

"ಒಬ್ಬರು ಆಸ್ಪತ್ರೇಲಿ ಪ್ರಜ್ಞೆ ಇಲ್ದೆ ಮಲಗಿದಾರೆ. ನೀವು ನನ್ನ ಕುತ್ತಿಗೆ ನೋಡ್ತಾ ಇದೀರಲ್ಲ ಸ್ವಾಮಿ."

"ನಿಯಮ ನಾನು ಮಾಡಿದ್ದಲ್ಲ. ಮೊದಲನೇ ವರ್ಷದಿಂದ ಇದೆ."

ಅವರೊಡನೆ ವಾದಿಸುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಯಾರೋ ಸದಸ್ಯರು ಬಿಟ್ಟುಹೋಗಿದ್ದ ಅಂಗಿಯೊಂದನ್ನು ಕಪಾಟಿನಿಂದ ತೆಗೆದು ಕೊಟ್ಟರು. ಹೊಟ್ಟೆಯ ಹತ್ತಿರ ನನ್ನಂಥವರು ಇಬ್ಬರು ಹಿಡಿಸುವಷ್ಟು ಜಾಗವಿತ್ತು. ಬೇರೆಯವರ ಬೆವರಿನ ವಾಸನೆ ಹೊತ್ತುಕೊಂಡು ಪತ್ತೇದಾರಿಕೆ ಮಾಡುವ ಭಾಗ್ಯ ಇಪ್ಪತ್ತಾರು ವರ್ಷದಲ್ಲಿ ನನಗೆ ಒದಗಿದ್ದು ಅದೇ ಮೊದಲು.

ಕ್ಲಬ್ಬಿನ ಎಪ್ಪತ್ತೈದು ವರ್ಷದ ಇತಿಹಾಸ ಬರೆಯುತ್ತಿದ್ದ ನಿವೃತ್ತ ಮೇಷ್ಟ್ರು ಹಿಂದಿನ ಮಂಗಳವಾರ ಬೆಳಿಗ್ಗೆ ಗಾಲ್ಫ್ ಮೈದಾನದ ಹನ್ನೊಂದನೇ ಕುಳಿಯ ಬಳಿ ತಲೆ ಒಡೆದು ಬಿದ್ದಿದ್ದರು, ಪಕ್ಕದಲ್ಲಿ ರಕ್ತ ಮೆತ್ತಿದ್ದ ಕಬ್ಬಿಣದ ಉಪಕರಣವಿತ್ತು, ಅದು ಮೈದಾನದ ಮಾಲಿಯದು.

ಪೊಲೀಸರು ಕ್ಲಬ್ಬಿನಿಂದ ಲಿಖಿತ ದೂರು ಬರಲಿ ಎಂದು ಕಾಯುತ್ತಿದ್ದರು. ಸದಸ್ಯರ ಪಟ್ಟಿಯಲ್ಲಿ ಅವರ ಮೇಲಧಿಕಾರಿಗಳೂ ಇದ್ದುದರಿಂದ ಆ ಮರ್ಯಾದೆ. ಸಂಜೆ ಐದಕ್ಕೆ ಕಮಿಟಿ ಸೇರುವುದಿತ್ತು. ಮಾಲಿಯ ಹೆಸರಿದ್ದ ದೂರು ಟೈಪಾಗಿ ಕಾರ್ಯದರ್ಶಿಯ ಮೇಜಿನ ಮೇಲೆ ಸಹಿಗೆ ಕಾದಿತ್ತು. ಸಹಿ ಬಿದ್ದರೆ ಮಾಲಿ ಲಾಕಪ್ಪಿಗೆ, ಅವನು ಹುಟ್ಟಿ ಬೆಳೆದ ಮನೆ ಇನ್ನೊಬ್ಬರಿಗೆ. ಅದನ್ನು ತಪ್ಪಿಸಲಿ ಎಂದೇ ಅವನ ಮಗಳು ನನ್ನನ್ನು ಕರೆಸಿದ್ದಳು. ಆಗ ಗಂಟೆ ಎರಡು.

ಹಾಲ್‌ನ ನಡುಗೋಡೆಯಲ್ಲಿ ಗಾಜಿನ ಪೆಟ್ಟಿಗೆ. ಒಳಗೆ ಮಾಸಿದ ಹಳದಿ ಬಣ್ಣದ ಒಂದು ಚೆಂಡು.

"ನಮ್ಮ ಸ್ಥಾಪಕರದ್ದು," ಎಂದರು ಕಾರ್ಯದರ್ಶಿ. ಅವರ ದನಿ ತಾನಾಗಿಯೇ ತಗ್ಗಿತು. "ಉದ್ಘಾಟನೆ ದಿನ ಸಂಜೆ ನಾಲ್ಕಕ್ಕೆ ಹನ್ನೊಂದನೇದರಲ್ಲಿ ಹೋಲ್ ಇನ್ ಒನ್ ಮಾಡಿದ್ರು. ಅಂದ್ರೆ ನೂರೈವತ್ತು ಗಜದಿಂದ ಒಂದೇ ಏಟು, ಚೆಂಡು ನೇರ ಕುಳಿಗೆ. ಕೆಲವರಿಗೆ ಜೀವಮಾನದಲ್ಲೇ ಆಗಲ್ಲ."

"ಪಕ್ಕದ ಫೋಟೋದಲ್ಲಿರೋರು?"

"ಅವರ ಪಾಲುದಾರರು. ಜಾಗದಲ್ಲಿ ಅರ್ಧ ಅವರದ್ದು. ಪಾಪ, ಅವತ್ತೇ ಈ ಮುಂದಿನ ಕೊಳದಲ್ಲಿ ಕಾಲು ಜಾರಿ ಹೋಗ್ಬಿಟ್ರು."

"ಎಷ್ಟು ಹೊತ್ತಿಗೆ?"

ಕಾರ್ಯದರ್ಶಿ ನನ್ನತ್ತ ನೋಡದೆ ಗಾಜಿನ ಮೇಲಿನ ಧೂಳನ್ನು ಕರವಸ್ತ್ರದಲ್ಲಿ ಒರೆಸಿದರು. "ಅದೂ ನಾಲ್ಕಕ್ಕೇ. ಆಗಲೇ ವಿಚಾರಣೆ ಆಗಿದೆ. ಸ್ಥಾಪಕರು ಒಂದು ಮೈಲಿ ದೂರದಲ್ಲಿದ್ರು ಅಂತ ಅವತ್ತಿನ ಆಟದ ಕಾರ್ಡೇ ಹೇಳುತ್ತೆ. ಮುಗಿದ ಕತೆ ಅದು."

ಮುಗಿದ ಕತೆ ಎಂದು ಯಾರಾದರೂ ಹೇಳಿದ ಕೂಡಲೇ ನನಗೆ ಹಟ ಹುಟ್ಟುತ್ತದೆ. ಸ್ವಭಾವ, ಏನು ಮಾಡಲಿ.

ಮೇಷ್ಟ್ರು ಟೈಪು ಮಾಡಿದ್ದ ಇತಿಹಾಸದ ಪ್ರತಿ ನನ್ನ ಚೀಲದಲ್ಲಿತ್ತು. ಉದ್ಘಾಟನೆಯ ದಿನದ ಬೆಳಗಿನ ವರ್ಣನೆ ನಲವತ್ತನೇ ಪುಟದಲ್ಲಿ ಮುಗಿಯುತ್ತದೆ. ಮುಂದಿನದು ನಲವತ್ತೆರಡು. ನಡುವಿನ ಪುಟವನ್ನು ಮೂರು ದಿನದಿಂದ ಹುಡುಕುತ್ತಿದ್ದೆ. ಅವತ್ತು ಮತ್ತೆ ನಲವತ್ತನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತು ಕಂಡಿತು. "ಕುಳಿ ಪುಸ್ತಕ, ಮೊದಲನೆಯದು, ಮತ್ತೊಮ್ಮೆ ನೋಡಬೇಕು."

ಕಾರ್ಯದರ್ಶಿಯನ್ನು ಕೇಳಿದೆ. ಅಂಥದ್ದೊಂದು ಪುಸ್ತಕ ಕ್ಲಬ್ಬಿನ ಗ್ರಂಥಾಲಯದಲ್ಲಿ ಇಲ್ಲವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.

ಮಾಲಿಯ ಮನೆ ಹುಲ್ಲು ಕತ್ತರಿಸುವ ಯಂತ್ರಗಳ ಶೆಡ್ಡಿನ ಹಿಂದೆ ಇದೆ. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲ ಬಳಿ ಒಣಗಿದ ಹುಲ್ಲು ಅಂಟಿದ ರಬ್ಬರ್ ಬೂಟುಗಳು. ಮಗಳಿಗೆ ಮೂವತ್ತರ ಆಸುಪಾಸು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಆಗಷ್ಟೇ ಮನೆಗೆ ಬಂದು ಕೈ ತೊಳೆಯುತ್ತಿದ್ದಳು.

"ಆ ಅಂಗಿ ಯಾರದ್ದು ಸಾರ್?"

"ಅದೊಂದು ಕೇಳಬೇಡಮ್ಮ. ಕುಳಿ ಪುಸ್ತಕ ಅಂದ್ರೆ ಏನು?"

"ಅಯ್ಯೋ, ಅದಾ? ಮಂಚದ ಕೆಳಗಿದೆ."

ಮೂರು ದಿನ ನಾನು ಕುರ್ಚಿ ಹಾಕಿಕೊಂಡು ಅದೇ ಮಂಚದ ಎದುರು ಕೂತು ಪ್ರಶ್ನೆ ಕೇಳಿದ್ದೆ. ನನ್ನ ಮೇಲೆ ನನಗೇ ಮೈ ಉರಿಯಿತು.

ಅವಳು ತಗಡಿನ ಟ್ರಂಕನ್ನು ಎಳೆದಳು. ಒಳಗೆ ವರ್ಷಕ್ಕೊಂದರಂತೆ ಎಪ್ಪತ್ತೈದು ನೋಟುಪುಸ್ತಕ. ಮೊದಲಿನವು ಅವಳ ಮುತ್ತಜ್ಜ ಬರೆದವು, ಆಮೇಲಿನವು ಅಜ್ಜ, ಈಚಿನವು ಅಪ್ಪ. ಮೂವರೂ ಇದೇ ಮೈದಾನದ ಮಾಲಿಗಳು.

"ಕುಳಿ ದಿನಾ ಜಾಗ ಬದಲಾಗುತ್ತೆ ಸಾರ್. ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಕುಳಿ ಇದ್ದಲ್ಲೇ ಇರುತ್ತದೆ, ಜನ ಕೋಲು ಹಿಡಿದು ಅದರ ಹಿಂದೆ ಬೀಳುತ್ತಾರೆ ಎಂದಷ್ಟೇ ತಿಳಿದಿದ್ದೆ.

"ಒಂದೇ ಕಡೆ ಇದ್ರೆ ಎಲ್ಲರೂ ಅಲ್ಲೇ ತುಳಿದು ಹುಲ್ಲು ಸಾಯುತ್ತೆ. ಅದಕ್ಕೆ ಅಪ್ಪ ಬೆಳಕು ಹರಿಯೋ ಹೊತ್ತಿಗೆ ಹೋಗಿ ಬೇರೆ ಜಾಗದಲ್ಲಿ ತೋಡ್ತಾರೆ. ಕೊಳವೆ ಥರ ಇರುತ್ತಲ್ಲ, ಹೋಲ್ ಕಟರ್, ಅದರಲ್ಲಿ. ಹೊಸ ಕುಳಿಯಿಂದ ಬಂದ ಮಣ್ಣನ್ನ ಹುಲ್ಲಿನ ಸಮೇತ ಹಳೇ ಕುಳಿಗೆ ಕೂರಿಸ್ತಾರೆ. ಹದಿನೆಂಟು ಕುಳಿಗೂ ಹೀಗೇ. ಎಲ್ಲೆಲ್ಲಿ ತೋಡಿದ್ದು ಅಂತ ಹೆಜ್ಜೆ ಎಣಿಸಿ ಬರೆದಿಡ್ತಾರೆ. ಇಲ್ಲದಿದ್ರೆ ಇನ್ನೂ ಬೇರು ಹಿಡೀದಿರೋ ಜಾಗಾನೇ ಮತ್ತೆ ತೋಡಿಬಿಡ್ತಾರೆ."

ಮೇಷ್ಟ್ರ ಪಕ್ಕ ಸಿಕ್ಕಿದ್ದು ಆ ಹೋಲ್ ಕಟರೇ. ಐದು ಕಿಲೋಗೆ ಕಡಿಮೆಯಿಲ್ಲದ ಉಕ್ಕು.

"ಮೇಷ್ಟ್ರು ಇವನ್ನ ನೋಡಿದ್ರಾ?"

"ಎರಡು ತಿಂಗಳಿಂದ ಒಂದೊಂದೇ ಒಯ್ದು ಓದ್ತಿದ್ರು. ಕ್ಲಬ್ಬಿನ ನಿಜವಾದ ಇತಿಹಾಸ ನಿಮ್ಮ ಮಂಚದ ಕೆಳಗಿದೆ ಕಣಯ್ಯಾ ಅಂತ ಅಪ್ಪನ ಹತ್ರ ಅಂದಿದ್ರಂತೆ. ಅಪ್ಪ ಎರಡು ದಿನ ಅದನ್ನೇ ಹೇಳ್ಕೊಂಡು ತಿರುಗಿದ್ರು."

ಮೊದಲ ಪುಸ್ತಕದ ರಟ್ಟು ಮೆತ್ತಗಾಗಿತ್ತು. ಮುತ್ತಜ್ಜನ ಅಕ್ಷರ ದಪ್ಪ, ಎಡಕ್ಕೆ ವಾಲಿದ್ದು. ಉದ್ಘಾಟನೆಯ ದಿನಕ್ಕೆ ಬಂದೆ. ಒಂದರಿಂದ ಹತ್ತರವರೆಗೆ ಹೆಜ್ಜೆಗಳ ಲೆಕ್ಕ. ಹನ್ನೊಂದರ ಮುಂದೆ ಹೀಗಿತ್ತು: "ಹುಲ್ಲು ಬೇರು ಹಿಡಿದಿಲ್ಲ. ತೋಡಿಲ್ಲ. ನೋಟಕ್ಕೆ ಬಾವುಟ ಮಾತ್ರ ನೆಟ್ಟಿದೆ."

ಮೂರು ಸಲ ಓದಿದೆ. ಪುಟ ತಿರುವಿದೆ. ಮರುದಿನ ಸಾವಿನ ಸೂತಕಕ್ಕೆ ಮೈದಾನವನ್ನೇ ಮುಚ್ಚಿದ್ದರು, ಆಗಲೂ ತೋಡಿಲ್ಲ. ಅದರ ಮರುದಿನವೂ ಇಲ್ಲ. ಒಂಬತ್ತನೇ ದಿನ: "ಹನ್ನೊಂದು, ಮೊದಲ ಕುಳಿ. ಮುಂದಿನಿಂದ ಎಂಟು ಹೆಜ್ಜೆ, ಬಲಕ್ಕೆ ನಾಲ್ಕು."

ಮಗಳು ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಳು. "ಹಾಗಾದ್ರೆ ಆ ಚೆಂಡು ಬಿದ್ದಿದ್ದೆಲ್ಲಿಗೆ?"

"ಎಲ್ಲಿಗೂ ಬೀಳ್ಲಿಲ್ಲ. ಅದನ್ನ ಯಾರೂ ಹೊಡೀಲೇ ಇಲ್ಲ."

ಸ್ಥಾಪಕರು ಹನ್ನೊಂದನ್ನೇ ಆರಿಸಿಕೊಂಡದ್ದು ಏಕೆ ಎಂಬುದು ಈಗ ಸ್ಪಷ್ಟವಾಗಿತ್ತು. ಅದು ಕೊಳದಿಂದ ಅತಿ ದೂರದ ಜಾಗ. ಕ್ಲಬ್ಬಿನ ಜಗುಲಿಯಿಂದ ನೋಡಿದರೆ ಹದಿನೆಂಟು ಬಾವುಟವೂ ಹಾರುತ್ತಿದ್ದವು. ಬಾವುಟ ಇದ್ದಲ್ಲಿ ಕುಳಿ ಇರುತ್ತದೆ ಎಂದು ಆಟಗಾರ ಯಾರೇ ಆದರೂ ನಂಬುತ್ತಾನೆ. ಹತ್ತಿರ ಹೋಗಿ ನೋಡಿದವನಿಗೆ ಮಾತ್ರ ಇಲ್ಲವೆಂದು ಗೊತ್ತಾಗುತ್ತದೆ. ಅವರು ಹತ್ತಿರ ಹೋಗಿರಲಿಲ್ಲ. ನಾಲ್ಕು ಗಂಟೆಗೆ ಅವರು ಇದ್ದದ್ದು ಕೊಳದ ದಂಡೆಯಲ್ಲಿ.

ಈ ಗುಟ್ಟು ಹೊರಬಿದ್ದರೆ ಯಾರಿಗೆ ನಷ್ಟ? ಸ್ಥಾಪಕರ ಮಗನಿಗೆ. ಆ ಮಗನೇ ಇವತ್ತಿನ ಕ್ಲಬ್ ಕ್ಯಾಪ್ಟನ್, ಕಮಿಟಿಯ ಮುಖ್ಯಸ್ಥರು, ಐದಕ್ಕೆ ಆ ದೂರಿಗೆ ಸಹಿ ಹಾಕಬೇಕಾದವರು. ನನಗೆ ಕೇಸು ಕೈಗೆ ಸಿಕ್ಕಿತೆನ್ನಿಸಿತು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ.

"ಸಾರ್, ನಾನೂ ಬರ್ಲಾ?" ಎಂದಳು ಮಗಳು.

"ಬೇಡ. ಅಪ್ಪನ ಹತ್ರ ಹೋಗಿರು. ಗೆದ್ವಿ ಅಂತ ಹೇಳು."

ಹಾಗೆ ಹೇಳಬಾರದಿತ್ತು.

ಕ್ಯಾಪ್ಟನ್ ಓದುವ ಕೋಣೆಯಲ್ಲಿ ಒಬ್ಬರೇ ಇದ್ದರು. ಎಂಬತ್ತೊಂದು ವರ್ಷ, ನೆಟ್ಟಗಿನ ಬೆನ್ನು. ಮುಂದೆ ಆರಿದ ಚಹಾ. ನಾನು ಪುಸ್ತಕ ತೆರೆದು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿ, ಪುಸ್ತಕವನ್ನು ಜೋಪಾನವಾಗಿ ಮುಚ್ಚಿದರು.

"ಒಳ್ಳೇ ಅಕ್ಷರ," ಎಂದರು.

"ಕುಳಿನೇ ಇಲ್ಲದ ಕಡೆ ನಿಮ್ಮ ತಂದೆ ಚೆಂಡು ಹಾಕಿದಾರೆ. ಅದೇ ಹೊತ್ತಿಗೆ ಕೊಳದಲ್ಲಿ ಪಾಲುದಾರ ಸತ್ತಿದಾನೆ. ಮೇಷ್ಟ್ರು ಇದನ್ನ ಕಂಡುಹಿಡಿದ್ರು. ಮಾರನೇ ದಿನ ಅವರ ತಲೆ ಒಡೀತು. ನಾನು ಇನ್ನೇನು ಅಂದುಕೊಳ್ಲಿ?"

"ಮಾರನೇ ದಿನ ಅಲ್ಲ. ಮೂರು ವಾರ ಆದಮೇಲೆ."

ಅವರು ಮೇಜಿನ ಡ್ರಾಯರ್ ಎಳೆದು ಒಂದು ಹಾಳೆ ತೆಗೆದರು. ಮೇಲ್ಗಡೆ ನಲವತ್ತೊಂದು ಎಂಬ ಅಂಕಿ.

"ನೀವು ಹುಡುಕ್ತಿರೋದು ಇದೇನಾ?"

ಮೇಷ್ಟ್ರ ಟೈಪು. ತೋಡದ ಕುಳಿ, ನಾಲ್ಕು ಗಂಟೆ, ಕೊಳ, ಎಲ್ಲವೂ ನಾನು ಲೆಕ್ಕ ಹಾಕಿದಂತೆಯೇ ಇತ್ತು, ನನಗಿಂತ ಚೆನ್ನಾಗಿ. ಕೆಳಗೆ ಕ್ಯಾಪ್ಟನ್ನರ ಕೈಬರಹ: "ಓದಿದ್ದೇನೆ. ಅಚ್ಚಾಗಲಿ." ಸಹಿ, ತಾರೀಕು. ಮೂರು ವಾರದ ಹಿಂದಿನದು.

"ಇದನ್ನ ಪೊಲೀಸರಿಗೆ ಯಾಕೆ ತೋರಿಸ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಅವತ್ತು ನನಗೆ ಆರು ವರ್ಷ ಸ್ವಾಮಿ. ಅಪ್ಪ ಮನೆಗೆ ಬಂದಾಗ ಮೊಣಕೈವರೆಗೂ ಒದ್ದೆಯಾಗಿದ್ರು. ಚೆಂಡು ನೀರಿಗೆ ಬಿತ್ತು, ತೆಗೀತಿದ್ದೆ ಅಂತ ಅಮ್ಮಂಗೆ ಹೇಳಿದ್ರು. ಹನ್ನೊಂದರ ಹತ್ರ ನೀರೇ ಇಲ್ಲ. ಅದು ಗೊತ್ತಾಗೋ ಹೊತ್ತಿಗೆ ನನಗೆ ಹದಿನಾರಾಗಿತ್ತು. ಅಲ್ಲಿಂದ ಇಲ್ಲಿವರೆಗೂ ಆ ಚೆಂಡಿನ ಮುಂದೆ ನಿಂತು ಭಾಷಣ ಮಾಡಿದೀನಿ. ನನಗೂ ಸಾಕಾಗಿದೆ."

ಮಂಗಳವಾರ ಬೆಳಿಗ್ಗೆ ಎಲ್ಲಿದ್ದಿರಿ ಎಂದು ಕೇಳಿದೆ. ಇದೇ ಕೋಣೆಯಲ್ಲಿ ಆರು ಜನರೊಂದಿಗೆ ಚಹಾ ಕುಡಿಯುತ್ತಿದ್ದೆ ಎಂದರು. ಆ ಆರು ಜನರ ಹೇಳಿಕೆಯನ್ನು ನಾನೇ ಮೊದಲ ದಿನ ಬರೆದುಕೊಂಡು ಮರೆತಿದ್ದೆ. ನನ್ನ ಕೇಸು ನೆಲ ಕಚ್ಚಿತು.

"ಈಗ ಇದನ್ನೂ ನೋಡಿಬಿಡಿ," ಎಂದು ಅವರು ಇನ್ನೊಂದು ಲಕೋಟೆ ತೆಗೆದರು. ಒಳಗೆ ಉದ್ಘಾಟನೆಯ ದಿನದ ಆಟದ ಕಾರ್ಡು. "ಆಟಗಾರ ತನ್ನ ಕಾರ್ಡನ್ನ ತಾನೇ ಬರೆಯೋ ಹಾಗಿಲ್ಲ. ಜೊತೆಗಿದ್ದವನು ಬರೆದು ಸಹಿ ಹಾಕಬೇಕು. ಅವತ್ತು ಉಳಿದೋರೆಲ್ಲ ಚಹಾಕ್ಕೆ ಹೋಗಿದ್ರಂತೆ. ಅಪ್ಪನ ಜೊತೆ ಚೀಲ ಹೊತ್ಕೊಂಡು ಹೋದೋನು ಒಬ್ಬನೇ."

ಹನ್ನೊಂದರ ಮುಂದೆ "ಒಂದು" ಎಂದು ಬರೆದಿತ್ತು. ದಪ್ಪ ಅಕ್ಷರ, ಎಡಕ್ಕೆ ವಾಲಿದ್ದು. ಕೆಳಗಿನ ಸಹಿಯೂ ಹಾಗೇ. ಅರ್ಧ ಗಂಟೆಯ ಹಿಂದೆ ಮಂಚದ ಪಕ್ಕ ಕೂತು ನಾನು ಓದಿದ್ದೇ ಆ ಅಕ್ಷರ.

ಬೆಳಿಗ್ಗೆ ತನ್ನ ಪುಸ್ತಕದಲ್ಲಿ ನಿಜ ಬರೆದ ಮಾಲಿ ಸಂಜೆ ಈ ಕಾರ್ಡಿಗೆ ಸುಳ್ಳು ಸಹಿ ಹಾಕಿದ್ದ.

"ಮುಂದಿನ ತಿಂಗಳು ಅವನಿಗೆ ಆ ಮನೆ ಸಿಕ್ತು," ಎಂದರು ಕ್ಯಾಪ್ಟನ್. "ವಂಶ ಇರೋವರೆಗೂ ಇರಲಿ ಅಂತ ಅಪ್ಪ ಬರೆಸಿಕೊಟ್ರು. ಮೇಷ್ಟ್ರು ಇದನ್ನ ಬರೆದ್ರೆ ಕಮಿಟಿಯವರು ಆ ಕಾಗದ ಹರಿದುಹಾಕ್ತಾರೆ. ಮಾಲಿ ಜೊತೆ ನಾನೇ ಮಾತಾಡ್ತೀನಿ ಅಂತ ಮೇಷ್ಟ್ರು ಹೇಳಿದ್ರು. ಯಾವತ್ತು ಮಾತಾಡಿದ್ರೋ ನನಗೆ ಗೊತ್ತಿಲ್ಲ."

ನಾನು ಕಾರ್ಡನ್ನು ಲಕೋಟೆಗೆ ಹಾಕಿ ಅವರ ಮುಂದೆ ತಳ್ಳಿದೆ.

"ಮೇಷ್ಟ್ರನ್ನ ಹೊಡೆಯೋಕೆ ಮಾಲಿಗೆ ಕಾರಣವೇ ಇಲ್ಲ ಅಂತ ಕಮಿಟೀಲಿ ಇಬ್ಬರು ಹಟ ಹಿಡಿದಿದ್ರು," ಎಂದರು ಅವರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಬೇಸರವೇ ಇತ್ತು. "ನಾನು ಬಾಯಿ ಬಿಡದೆ ಇಟ್ಟಿದ್ದ ಕಾರಣಾನ ನೀವೇ ಹೊರಗೆ ಎಳೆದ್ರಿ."

ಮಾಲಿಯನ್ನು ಕೆಲಸದಿಂದ ದೂರವಿಟ್ಟಿದ್ದರು. ಆದರೂ ಅವನು ಹನ್ನೊಂದರಲ್ಲಿ ಮಂಡಿಯೂರಿ ಹುಲ್ಲಿನ ನಡುವಿನ ಕಳೆ ಕೀಳುತ್ತಿದ್ದ. ಕಮಿಟಿ ಸಭೆ ಸೇರಿದರೂ ಬಿಟ್ಟರೂ ಕಳೆ ಬೆಳೆಯುತ್ತದೆ ಎಂದು ನನಗೆ ಹಿಂದಿನ ದಿನ ಹೇಳಿದ್ದ. ಐವತ್ತೆಂಟರ ಗಟ್ಟಿ ಆಳು. ಮಗಳು ಇನ್ನೂ ಬಂದಿರಲಿಲ್ಲ. ನಾನು ಏದುಸಿರು ಬಿಡುತ್ತಾ ಹೋಗಿ ಅವನ ಪಕ್ಕ ಹುಲ್ಲಿನ ಮೇಲೇ ಕೂತೆ. ಗಂಟೆ ನಾಲ್ಕಾಗಿತ್ತು.

"ನಿಮ್ಮಜ್ಜನ ಕಾರ್ಡು ನೋಡ್ದೆ," ಎಂದೆ.

ಅವನು ತಲೆ ಎತ್ತದೆ ಇನ್ನೊಂದು ಕಳೆ ಕಿತ್ತ.

"ಮೇಷ್ಟ್ರು ಮಂಗಳವಾರ ಬೆಳಿಗ್ಗೆ ಹೇಳಿದ್ರಾ?"

"ಹೂಂ. ಇಲ್ಲೇ. ಆರೂವರೆ ಹೊತ್ತಿಗೆ. ನಿನ್ನ ಅಜ್ಜನ ಹೆಸರೂ ಬರುತ್ತಪ್ಪಾ, ಬೇಜಾರು ಮಾಡ್ಕೋಬೇಡ ಅಂದ್ರು. ನನ್ನ ಪುಸ್ತಕ ಓದಿ, ನಮ್ಮ ಮನೇಲಿ ಕೂತು ಕಾಫಿ ಕುಡಿದು, ಕೊನೆಗೆ ಇದಾ ಅಂತ ಅನ್ನಿಸ್ತು ಸಾರ್. ಹೊಟ್ಟೆ ಉರೀತು. ಬೇಡ ಅಂತ ಕೈ ಮುಗಿದೆ. ಸತ್ಯ ಅಂದ್ರೆ ಸತ್ಯ ಕಣಯ್ಯಾ ಅಂದ್ರು. ತಳ್ಳಿಬಿಟ್ಟೆ."

"ತಳ್ಳಿದ್ರಾ, ಹೊಡೆದ್ರಾ?"

"ತಳ್ಳಿದೆ. ಹಿಂದಕ್ಕೆ ಬಿದ್ರು. ಆ ನೀರು ಚಿಮ್ಮಿಸೋ ನಲ್ಲಿಗೆ ತಲೆ ತಾಗ್ತು. ಎದ್ದು ಕೂತು ತಲೆ ಮುಟ್ಟಿ ನೋಡ್ಕೊಂಡು, ನನಗೇ ಚೆನ್ನಾಗಿ ಬೈದ್ರು. ಬೈಯೋಷ್ಟು ಗಟ್ಟಿಯಿದಾರಲ್ಲ ಅಂತ ನಾನು ಕಟರ್ ಅಲ್ಲೇ ಬಿಸಾಕಿ ಹನ್ನೆರಡರ ಕಡೆ ಹೊರಟೋದೆ."

ನಾನು ಜೇಬಿನಿಂದ ನನ್ನ ಟಿಪ್ಪಣಿ ತೆಗೆದೆ. ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ಅವರೆದುರೇ ಬರೆದುಕೊಂಡಿದ್ದೆ. ಗಾಯ ಎರಡು. ಹಿಂತಲೆಯಲ್ಲಿ ಸಣ್ಣದು, ಬಿದ್ದಾಗ ಆಗುವಂಥದ್ದು. ಕಿವಿಯ ಮೇಲೆ ಆಳವಾದದ್ದು, ಎತ್ತಿ ಹೊಡೆದರೆ ಮಾತ್ರ ಆಗುವಂಥದ್ದು. ಅದನ್ನು ಅವನಿಗೆ ಓದಿ ಹೇಳಿದೆ.

"ನೀವು ಹೋದಮೇಲೆ ಯಾರೋ ಬಂದು ನಿಮ್ಮ ಕಟರಿಂದ ಹೊಡೆದಿದಾರೆ. ತಳ್ಳಿದ್ದನ್ನ ಪೊಲೀಸರಿಗೆ ಮೊದಲೇ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತೇನ್ರೀ? ಆರು ದಿನ ತುಟಿ ಬಿಚ್ಚಲಿಲ್ಲ ನೀವು."

"ಹೇಳಿದ್ರೆ, ಆಮೇಲೆ ಯಾರು ಬಂದ್ರು ಅಂತ ಕೇಳ್ತಾರಲ್ಲ ಸಾರ್."

ನನಗೆ ತಕ್ಷಣ ಹೊಳೆಯಲಿಲ್ಲ. ಒಪ್ಪಿಕೊಳ್ಳುತ್ತೇನೆ, ಅವತ್ತು ನನ್ನ ತಲೆ ಸರಿಯಾಗಿ ಓಡುತ್ತಿರಲಿಲ್ಲ.

ಅಷ್ಟರಲ್ಲಿ ಮಗಳು ಇಳಿಜಾರಿನಿಂದ ಬಂದಳು. ನಮ್ಮಿಬ್ಬರ ಮುಖ ನೋಡಿಯೇ ಗೆದ್ದಿಲ್ಲವೆಂದು ತಿಳಿದುಕೊಂಡಳು. ನಾನು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಮುತ್ತಜ್ಜನ ಸಹಿ, ಮನೆ, ಅಪ್ಪ ತಳ್ಳಿದ್ದು, ಎರಡು ಗಾಯ. ಅವಳು ನಿಂತೇ ಕೇಳಿದಳು.

"ಹೋಗಲಿ ಬಿಡಪ್ಪಾ, ಮನೆ ಹೋದ್ರೆ ಹೋಗಲಿ," ಎಂದಳು. "ನನ್ನ ಸಂಬಳ ಇದೆ, ಎರಡು ಕೋಣೆ ಎಲ್ಲಾದ್ರೂ ಸಿಗುತ್ತೆ. ಕಮಿಟಿ ಮುಂದೆ ಹೋಗಿ ತಳ್ಳಿದ್ದು ನಾನೇ, ಹೊಡೆದಿದ್ದು ನಾನಲ್ಲ ಅಂತ ಹೇಳ್ಬಿಡು. ಸಾರ್ ಜೊತೇಲಿರ್ತಾರೆ."

ಮಾಲಿ ತಲೆಯಾಡಿಸಿದ.

"ಯಾಕೆ? ಮಾಡದೆ ಇರೋ ತಪ್ಪಿಗೆ ಜೈಲಿಗೆ ಹೋಗ್ತೀಯಾ? ನಾನು ದಿನಾ ಕಂಬಿ ಹಿಂದೆ ನಿನ್ನ ನೋಡೋಕೆ ಬರ್ಬೇಕಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಂದು ಇದ್ದಿದ್ದೇ ಹಟ. ಹೊರಟಮೇಲೆ ಹಿಂದೆ ತಿರುಗಿ ನೋಡಿದ್ಯಾ? ಯಾರಾದ್ರೂ ಬಂದಿದ್ದು ಕಾಣಿಸ್ತಾ? ಅದನ್ನಾದ್ರೂ ಹೇಳು."

"ಸಾರ್ ಇಲ್ಲಿಂದ ಹೋಗಲಿ. ಆಮೇಲೆ ಮಾತಾಡೋಣ."

"ಸಾರ್ ಎಲ್ಲೂ ಹೋಗಲ್ಲ. ಅವರನ್ನ ಕರೆಸಿದ್ದೇ ನಾನು. ಈಗಲೇ ಹೇಳು."

ಮಾಲಿ ಕೈಯಲ್ಲಿದ್ದ ಕಳೆಯನ್ನು ಬುಟ್ಟಿಗೆ ಹಾಕಿ, ಅಂಗೈ ಒರೆಸಿಕೊಂಡು, ಮಗಳ ಮುಖವನ್ನೇ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಹನ್ನೆರಡರ ದಿಬ್ಬದ ಮೇಲಿಂದ ತಿರುಗಿ ನೋಡ್ದೆ ಕಣಮ್ಮ," ಎಂದ. "ಮೇಷ್ಟ್ರ ಪಕ್ಕ ನೀನು ನಿಂತಿದ್ದೆ. ನನ್ನ ಮಗಳ ನಿಲುವು ನನಗೆ ಗೊತ್ತಾಗಲ್ವಾ?"

ಮಂಗಳವಾರ ಬೆಳಿಗ್ಗೆ ಆರರಿಂದಲೇ ಲ್ಯಾಬಿನಲ್ಲಿದ್ದೆ ಎಂದು ಅವಳು ನನಗೆ ಹೇಳಿದ್ದಳು. ಒಮ್ಮೆಯಲ್ಲ, ಎರಡು ಸಲ. ಕೆಲಸ ಕೊಟ್ಟವಳ ಮಾತೆಂದು ನಾನು ಅದನ್ನು ಪರೀಕ್ಷಿಸಲು ಹೋಗಿರಲಿಲ್ಲ.

ನಾನು ಅವಳತ್ತ ತಿರುಗಿದೆ. ಇಲ್ಲ ಎನ್ನುತ್ತಾಳೆಂದು ಕಾದೆ. ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಕೂಡ.

ಅವಳು ಅಪ್ಪನ ಎದುರು ನಿಧಾನವಾಗಿ ಹುಲ್ಲಿನ ಮೇಲೆ ಕುಸಿದು ಕೂತಳು.

"ನಾನು ಬಂದಾಗ ಮೇಷ್ಟ್ರು ಇನ್ನೂ ಮಾತಾಡ್ತಿದ್ರು ಅಪ್ಪಾ, ನಿನ್ನ ಜೈಲಿಗೆ ಹಾಕಿಸ್ತೀನಿ ಅಂತ," ಎಂದಳು. "ಆ ಕಟರ್ ನನ್ನ ಕಾಲ ಹತ್ರನೇ ಬಿದ್ದಿತ್ತು."